ಕಾಯುವುದು

ಗೋಡೆಯಾಚೆಯ ಮನೆಯಿಂದ ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲಿ ಬಂತು,
ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂಬ ಅಂಕಿ.
ದಾರಿ ತಪ್ಪಿದರೆ ಯಾರಾದರೂ ತಂದುಬಿಡಲಿ ಎಂದು
ಮೊರೀನ್ ಬರೆದದ್ದಂತೆ, ಅವಳ ಗಂಡ ಟ್ರಾಲರ್ ಹತ್ತಿ
ಐಸ್‌ಲ್ಯಾಂಡಿನ ಕಡಲಿಗೆ ಹೋಗುತ್ತಿದ್ದ ಕಾಲದಲ್ಲಿ.
ಆಮೆ ಎರಡು ಸಲ ಕಳೆದುಹೋಗಿ
ಎರಡು ಸಲವೂ ಬಂತು.
ಗಂಡ ಒಂದೇ ಸಲ.

ಈಗ ಮೊರೀನಳೇ ಹೊರಟಳು, ವೃದ್ಧರ ನಿವಾಸಕ್ಕೆ.
ಅಲ್ಲಿ ಸಾಕುಪ್ರಾಣಿಗೆ ಜಾಗವಿಲ್ಲ.
ನನ್ನದು ಹತ್ತೊಂಬತ್ತನೆಯ ಮನೆ.

ಫೋನಿನಲ್ಲಿ ಅಕ್ಕ ನೀಲಗಂಗಾ:
"ಆಮಿ ಹೊಕ್ಕ ಮನಿ, ಅಮೀನ ಹೊಕ್ಕ ಮನಿ,
ಎರಡೂ ಒಂದ ನೋಡ ತಂಗಿ, ಉದ್ಧಾರ ಆಗಂಗಿಲ್ಲ."
ಅಮೀನನ ಕಾಗದ ಹೋದ ತಿಂಗಳೇ ಬಂದಾಯಿತಕ್ಕಾ,
ಕರೆಂಟ್ ಕಂಪನಿಯದು, ಕೆಂಪು ಅಕ್ಷರದ್ದು.
ತಡವಾಗಿ ಬಂದದ್ದು ಆಮೆಯೇ.

ಮೊದಲ ವಾರದ ತಪ್ಪು ನನ್ನದು.
ದೀಪವನ್ನು ನಟ್ಟನಡುವೆ ತೂಗುಹಾಕಿದ್ದೆ,
ದೇವರ ಮುಂದಿನ ನಂದಾದೀಪದ ಹಾಗೆ.
ಪೆಟ್ಟಿಗೆಯೆಲ್ಲ ಒಂದೇ ಸಮ, ಅತ್ತ ಬಿಸಿಯಲ್ಲ ಇತ್ತ ತಂಪಲ್ಲ.
ಅದು ಮೂಲೆಗೆ ಮುಖ ಹಾಕಿ ಮಲಗಿತು
ಮುನಿಸಿಕೊಂಡ ಬೀಗಿತ್ತಿಯಂತೆ.
ಡ್ಯಾಂಡೆಲಿಯನ್ ಸೊಪ್ಪು ಇಟ್ಟೆ, ಮೂಸಲಿಲ್ಲ.
ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆ, ಕೂತಿತು. ಅಷ್ಟೇ.

ವೈದ್ಯೆ ತಕ್ಕಡಿಯಲ್ಲಿಟ್ಟು ತುಟಿ ಕಚ್ಚಿದಳು:
ಈ ಚಳಿಗಾಲ ಮಲಗಿಸಬೇಡ, ತೂಕ ಸಾಲದು.
ಬಿಸಿಯನ್ನು ಒಂದೇ ಕೊನೆಗಿಡು, ಇನ್ನೊಂದು ಕೊನೆ ತಣ್ಣಗಿರಲಿ.
ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲು ಅದಕ್ಕೆ ಬಾರದು,
ಹುಡುಕಿಕೊಂಡು ನಡೆಯಲು ಬರುತ್ತದೆ.
ನಡೆಯಲು ಬಿಡು.

ಹಾಗಾಗಿ ಭಾನುವಾರವಿಡೀ ಸುತ್ತಿಗೆ, ಸರಪಳಿ.
ದೀಪ ಎಡಕ್ಕೆ; ಕೆಳಗೆ ಚಪ್ಪಟೆ ಕಲ್ಲು, ಮೂವತ್ತಮೂರು ಡಿಗ್ರಿ.
ಬಲತುದಿಯಲ್ಲಿ ಮಗುಚಿಟ್ಟ ಒಡಕು ಹೂಕುಂಡ, ಇಪ್ಪತ್ತೆರಡು.
ನಡುವೆ ಮೂರೂವರೆ ಅಡಿ ಮಣ್ಣು,
ಗದಗಿನಿಂದ ಗ್ರಿಮ್ಸ್‌ಬಿಯವರೆಗೆ.
ಉದ್ದ ಕೊಳವೆಯ ಇನ್ನೊಂದು ದೀಪಕ್ಕೆ ಬಿಸಿಯಿಲ್ಲ,
ಬಿಸಿಲಿನೊಳಗಿನ ಕಾಣದ ಸಾರ ಮಾತ್ರ, ಚಿಪ್ಪಿಗೆ, ಮೂಳೆಗೆ.
ರಾತ್ರಿಗೆ ಬೆಳಕಿಲ್ಲದ ಪಿಂಗಾಣಿ ಹೀಟರು.
ಬಿಸಿಯ ಜೊತೆ ಕತ್ತಲೂ ಬೇಕಂತೆ.

ನನ್ನ ಕೆಲಸ ಮೀನಿನ ಶೈತ್ಯಾಗಾರದಲ್ಲಿ.
ಮೈನಸ್ ಇಪ್ಪತ್ತೆರಡು. ಎರಡು ಜೊತೆ ಕೈಗವಸು,
ಹ್ಯಾಡಕ್ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವಾಗ
ರೆಪ್ಪೆಯ ಕೂದಲು ಒಂದಕ್ಕೊಂದು ಅಂಟುತ್ತವೆ.
ಅಲ್ಲಿ ಒಂದು ಡಿಗ್ರಿ ಏರಿದರೂ ಗಂಟೆ ಬಡಿದುಕೊಳ್ಳುತ್ತದೆ.
ಮನೆಗೆ ಬಂದರೆ ಕೋಟು ಬಿಚ್ಚುವ ಮೊದಲು
ಮೀಟರಿಗೆ ಕೀಲಿ ತುರುಕುತ್ತೇನೆ, ಹತ್ತು ಪೌಂಡ್.
ಕೋಣೆಯ ರೇಡಿಯೇಟರ್ ಆರಿಸಿಯೇ ಇದೆ.
ಸ್ವೆಟರಿನ ಮೇಲೆ ಸ್ವೆಟರ್, ಮಡಿಲಲ್ಲಿ ಅನ್ನದ ತಟ್ಟೆ,
ಪೆಟ್ಟಿಗೆಯ ಎಡಗಡೆಗೇ ನನ್ನ ಕುರ್ಚಿ.

ನಮ್ಮಲ್ಲಿ ಹಂಚು ಕಾಯುತ್ತದೆ,
ಹುಡುಗರು ದನ ಕಾಯುತ್ತಾರೆ,
ಬಸ್ಸಿಗೆ ಎಲ್ಲರೂ ಕಾಯುತ್ತಾರೆ.
ಎಲ್ಲಕ್ಕೂ ಒಂದೇ ಮಾತು ಎಂದು
ಮೊರೀನಳಿಗೆ ಬಿಡಿಸಿ ಹೇಳಹೋಗಿ ಸೋತೆ.
ಅವಳು ಕೇಳಿದ್ದು ಇಷ್ಟು: "ತಿಂದನಾ?"

ಹನ್ನೊಂದನೆಯ ಬೆಳಗು. ರಾತ್ರಿಪಾಳಿ ಮುಗಿದಿತ್ತು.
ಕುಂಡ ಖಾಲಿ.
ಆಮೆ ಅರ್ಧ ದಾರಿಯಲ್ಲಿ ನಿಂತಿತ್ತು,
ಒಂದು ಮುಂಗಾಲು ಎತ್ತಿ, ಮರೆತಂತೆ.
ನಾನೂ ನಿಂತೆ. ಚಹಾ ಆರಿತು.
ಎತ್ತಿ ಕಲ್ಲಿನ ಮೇಲಿಡೋಣವೆಂದು ಕೈ ಚಾಚಿ
ಹಿಂದಕ್ಕೆಳೆದುಕೊಂಡೆ.
ಆಮೇಲೆ ಹತ್ತಿತು. ಜಾರಿತು. ಮತ್ತೆ ಹತ್ತಿತು.
ನಾಲ್ಕೂ ಕಾಲು ಚೆಲ್ಲಿ, ಕುತ್ತಿಗೆ ನೀಳ ಮಾಡಿ,
ಹದಿನೇಳನ್ನು ದೀಪಕ್ಕೊಡ್ಡಿತು.

ಎಷ್ಟು ಹೊತ್ತೋ, ನಾನು ತೂಕಡಿಸಿದ್ದೆ.
ಚರಕ್ ಎಂಬ ಸಣ್ಣ ಸದ್ದಿಗೆ ಕಣ್ಣು ತೆರೆದರೆ
ಎಲೆಯ ಅಂಚಿನಲ್ಲಿ ಒಂದು ಕಚ್ಚು,
ಹಲ್ಲಿಲ್ಲದ ಬಾಯಿಯ ಅರ್ಧಚಂದ್ರ.
ಆ ಎಲೆಯನ್ನೇ ಒಯ್ದು ಮೊರೀನಳಿಗೆ ತೋರಿಸಬೇಕು.
ಕೇಳಿದರೆ ಕೊಟ್ಟೀತೇ?
ಇನ್ನೊಂದು ತುತ್ತಿಗೆ ಬಾಯಿ ತೆರೆದೇ ಇದೆ.